ದಾಖಲೆಗೆ ಸಮಯವಿದೆ, ಮಗುವಿಗೆ?

ಶಾಲೆಗಳ ಪರೀಕ್ಷಾ ಪದ್ಧತಿ ಬದಲಾದಾಗಲೆಲ್ಲ ಮಕ್ಕಳ ಬಗ್ಗೆ ಚರ್ಚೆ ನಡೆಯುತ್ತದೆ. ಅದು ಸಹಜ. ಆದರೆ ಆ ಬದಲಾವಣೆಯನ್ನು ತರಗತಿಯೊಳಗೆ ಜಾರಿಗೊಳಿಸಬೇಕಾದ ಶಿಕ್ಷಕರಿಗೆ ಅದಕ್ಕೆ ಸಮಯವಿದೆಯೇ ಎಂದು ಕೇಳುವವರು ಕಡಿಮೆ. ನಮ್ಮ ರಾಜ್ಯದಲ್ಲಿ ಒಳ್ಳೆಯ ಸುಧಾರಣೆಯೊಂದು ಕಾಗದದ ಹೊರೆಯಾಗಿ ಮಾರ್ಪಟ್ಟದ್ದರ ಹಿಂದೆ ಈ ಮೌನವಿದೆ.

2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ವರ್ಷಾಂತ್ಯದ ಒಂದು ಪರೀಕ್ಷೆಯಿಂದ ಮಗುವಿನ ಯೋಗ್ಯತೆಯನ್ನು ಅಳೆಯದೆ, ದಿನನಿತ್ಯ ಅದರ ಕಲಿಕೆಯನ್ನು ಗಮನಿಸಿ ಎಡವಿದಲ್ಲಿ ಕೈಹಿಡಿಯಬೇಕು ಎಂಬುದು ಅದರ ಆಶಯ. ಇದು ನಮಗೆ ಹೊಸತೇನಲ್ಲ. ಮದ್ರಸಾದಲ್ಲಿ ಉಸ್ತಾದರು ಮಗುವನ್ನು ಎದುರಿಗೆ ಕುಳ್ಳಿರಿಸಿ ನಿನ್ನೆಯ ಸಬಕ್ ಕೇಳುತ್ತಾರೆ. ಸರಿ ಇದ್ದರೆ ಮುಂದಿನ ಪಾಠ, ತಪ್ಪಿದರೆ ಅದೇ ಪಾಠ ಮತ್ತೊಮ್ಮೆ. ಅಲ್ಲಿಯೂ ಕೊರತೆಗಳಿವೆ. ಆದರೆ ಕೇಳುವುದು ಮತ್ತು ತಿದ್ದುವುದು ಅಲ್ಲಿ ಒಂದೇ ಕೆಲಸ. ನಡುವೆ ಕಡತವಿಲ್ಲ.

ಶಾಲೆಯಲ್ಲಿ ಆದದ್ದೇ ಬೇರೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ಆರು, ಏಳು, ಎಂಟನೇ ತರಗತಿಗಳಿಗೆ ಎರಡು ವಿಷಯ ಕಲಿಸುವ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ತರಗತಿಗೆ 35 ಮಕ್ಕಳು ಎಂದರೂ ಒಂದು ಸುತ್ತಿಗೆ 210 ನಮೂದುಗಳು, ಆರು ಸುತ್ತಿಗೆ 1260. ಒಂದಕ್ಕೆ ಮೂರೇ ನಿಮಿಷ ಹಿಡಿದರೂ 63 ಗಂಟೆ! ಇದು ಬರೆಯುವ ಲೆಕ್ಕ ಮಾತ್ರ. ಚಟುವಟಿಕೆ ಮಾಡಿಸುವುದು, ಉತ್ತರ ಪತ್ರಿಕೆ ತಿದ್ದುವುದು, ಅದೇ ಅಂಕಗಳನ್ನು ಮತ್ತೆ ಕಂಪ್ಯೂಟರಿಗೆ ಏರಿಸುವುದು ಇದರಲ್ಲಿ ಸೇರಿಲ್ಲ. ಬಿಸಿಯೂಟದ ಲೆಕ್ಕ, ಚುನಾವಣಾ ಕರ್ತವ್ಯ, ಸಮೀಕ್ಷೆಗಳೂ ಸೇರಿಲ್ಲ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ದಸರಾ ರಜೆಯಲ್ಲಿ ಮನೆ ಮನೆ ಸುತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಮಕ್ಕಳು ಕಲಿಯುತ್ತಿಲ್ಲ ಎಂಬ ದೂರು ಎದ್ದಾಗ ಪರೀಕ್ಷೆಯೇ ಮದ್ದು ಎಂದು ಸರಕಾರ ಹಿಂದಕ್ಕೆ ಹೊರಳಿತು. ಐದು ಮತ್ತು ಎಂಟನೇ ತರಗತಿಗಳಿಗೆ 2023ರಲ್ಲಿ ಮಂಡಳಿ ಮಟ್ಟದ ಪರೀಕ್ಷೆ ನಡೆಯಿತು. 2024ರಲ್ಲಿ ಅದು ಒಂಬತ್ತನೇ ತರಗತಿಗೂ ವಿಸ್ತರಿಸಿತು. ಎರಡು ವರ್ಷವೂ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮಾರ್ಚ್‌ನಲ್ಲಿ ಪರೀಕ್ಷೆ ಆರಂಭವಾದ ಮೇಲೆ ಸುಪ್ರೀಂ ಕೋರ್ಟು ತಡೆಯಿತು, ಬಳಿಕ ಹೈಕೋರ್ಟಿನ ಅನುಮತಿಯಿಂದ ಉಳಿದದ್ದು ಮುಗಿಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಮತ್ತೆ ತಡೆ ಬಿತ್ತು. ಅದೇ ವರ್ಷ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳಾದವು. ಅನುತ್ತೀರ್ಣರಾದ ಮಕ್ಕಳಿಗೆ ಇದು ಉಪಕಾರವೇ. ಆದರೆ ಹೊಸ ಹೊರೆ ಏರಿಸುವಾಗ ಹಳೆಯದನ್ನು ಇಳಿಸಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ.

ಸಂಬಳ ಪಡೆಯುವವರಿಗೆ ದುಡಿಯಲು ಏನು ಕಷ್ಟ ಎಂದು ಕೇಳುವವರಿದ್ದಾರೆ. ಮಗುವನ್ನು ಗಮನಿಸದೆಯೇ ಒಂದೇ ದಿನ ಕುಳಿತು ಇಡೀ ವರ್ಷದ ಕಾಲಂ ತುಂಬುವವರು ಇರುವುದೂ ನಿಜ. ಅದನ್ನು ಸಮರ್ಥಿಸಲಾಗದು. ಮಗು ಶಿಕ್ಷಕರ ಕೈಯಲ್ಲಿರುವ ಅಮಾನತ್ತು. ಆದರೆ ಆಗದ ಕೆಲಸವನ್ನು ಆಗಿದೆ ಎಂದು ತೋರಿಸಲೇಬೇಕಾದ ವ್ಯವಸ್ಥೆ ಪ್ರಾಮಾಣಿಕರನ್ನೂ ಸುಳ್ಳಿಗೆ ದೂಡುತ್ತದೆ.

ಆ ಸುಳ್ಳಿನ ಬೆಲೆ ತೆರುವವರು ಯಾರು? ಟ್ಯೂಷನ್ನಿಗೆ ಹೋಗುವ ಮಗುವಲ್ಲ. ಬೀಡಿ ಕಟ್ಟುವ ತಾಯಿ, ಕೂಲಿಗೆ ಹೋಗುವ ತಂದೆ ಕನ್ನಡ ಅಥವಾ ಉರ್ದು ಮಾಧ್ಯಮದ ಸರಕಾರಿ ಶಾಲೆಯನ್ನೇ ನಂಬಿ ಕಳುಹಿಸಿದ ಮಗು. ಅದರ ಪ್ರಗತಿಪತ್ರದಲ್ಲಿ ಒಳ್ಳೆಯ ಶ್ರೇಣಿ ಇರುತ್ತದೆ, ಓದಲು ಮಾತ್ರ ಬರುವುದಿಲ್ಲ. ಹೆತ್ತವರಿಗೆ ಇದು ತಿಳಿಯುವಾಗ ಹತ್ತನೇ ತರಗತಿ ಬಂದಿರುತ್ತದೆ.

ಮೌಲ್ಯಮಾಪನ ಬೇಡ ಎಂದಲ್ಲ. ಹೊಸ ಆದೇಶ ಹೊರಡಿಸುವ ಮುನ್ನ ಇದಕ್ಕೆ ಎಷ್ಟು ಗಂಟೆ ಬೇಕು, ಅದಕ್ಕಾಗಿ ಯಾವ ಕೆಲಸವನ್ನು ಕೈಬಿಡಬಹುದು ಎಂದು ಇಲಾಖೆ ಉತ್ತರಿಸಲಿ. ಒಮ್ಮೆ ಬರೆದದ್ದನ್ನು ಮತ್ತೆ ಬರೆಸದಿರಲಿ. ಖಾಲಿ ಹುದ್ದೆಗಳನ್ನು ತುಂಬಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರು ಕೂಡ ಕಡತ ತೋರಿಸಿ ಎನ್ನುವ ಬದಲು, ನನ್ನ ಮಗು ಒಂದು ಪುಟ ಓದುವುದನ್ನು ಕೇಳಿಸಿ ಎನ್ನಲಿ. ನಿಜವಾದ ಮೌಲ್ಯಮಾಪನ ಅಲ್ಲಿಂದ ಆರಂಭವಾಗುತ್ತದೆ.