ಮೈಮೇಲೆ ಮುಗಿಯುವ ಶಿಲ್ಪ

ಒಬ್ಬನೇ ಕಲಾವಿದ ತಾನೇ ಕಲ್ಪಿಸಿ, ತಾನೇ ಲೋಹ ಕತ್ತರಿಸಿ, ಬಡಿದು, ಬಾಗಿಸಿ ತನ್ನ ಕೆಲಸದ ಕೋಣೆಯಲ್ಲೇ ಮುಗಿಸುವ ಒಡವೆಗೆ ಸ್ಟುಡಿಯೋ ಆಭರಣ ಎಂದು ಹೆಸರು. ಅಮೆರಿಕದಲ್ಲಿ ಇದು 1940ರ ದಶಕದಲ್ಲಿ ಬೇರುಬಿಟ್ಟಿತು. 1946ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇಂಥ ಒಡವೆಗಳದೇ ಒಂದು ಪ್ರದರ್ಶನ ನಡೆಸಿತು. ಅಲ್ಲಿ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ತಂತಿ ಸುತ್ತಿ ಮಾಡಿದ ಒಡವೆಗಳಿದ್ದವು. ಆನಿ ಆಲ್ಬರ್ಸ್ ಮತ್ತು ಅಲೆಕ್ಸ್ ರೀಡ್ ಜೊತೆಗೂಡಿ ಮಾಡಿದ ಹಾರಗಳೂ ಇದ್ದವು. ಈ ಇಬ್ಬರು ಹಾರ್ಡ್‌ವೇರ್ ಅಂಗಡಿಯ ಸಾಮಾನನ್ನೇ ಒಡವೆಯಾಗಿಸಿದವರು. ಸಿಂಕಿನ ಜಾಲರಿ ಅವರ ಕೈಯಲ್ಲಿ ಪದಕವಾಯಿತು, ಪೇಪರ್ ಕ್ಲಿಪ್ಪುಗಳು ಅದರ ಕುಚ್ಚಾದವು.

ಒಡವೆ ಕಂಡ ಕೂಡಲೇ ‘ಎಷ್ಟು ಗ್ರಾಂ, ಮಜೂರಿ ಎಷ್ಟು’ ಎಂದು ಕೇಳುವುದು ನಮ್ಮ ಮನೆಗಳ ರೂಢಿ. ಆಪತ್ತಿಗೆ ಆಗುವ ಚಿನ್ನದ ವಿಷಯದಲ್ಲಿ ಅದು ಸರಿಯಾದ ಪ್ರಶ್ನೆಯೇ. ಸ್ಟುಡಿಯೋ ಆಭರಣದ ಮುಂದೆ ಮಾತ್ರ ಅದಕ್ಕೆ ಉತ್ತರ ಸಿಗದು. ಇಲ್ಲಿ ಲೋಹ ಬಹಳ ಸಲ ತಾಮ್ರ, ಹಿತ್ತಾಳೆ, ಹೆಚ್ಚೆಂದರೆ ಬೆಳ್ಳಿ. ತಕ್ಕಡಿಗೆ ಹಾಕಿದರೆ ಪಾತ್ರೆಯ ಬೆಲೆ ಬಂದೀತು, ಉಳಿದದ್ದೆಲ್ಲ ಮಜೂರಿಯೇ.

ಹಾಗಾದರೆ ನೋಡುವುದೇನನ್ನು? ಆರ್ಟ್ ಸ್ಮಿತ್‌ನ ಕೆಲಸದಿಂದ ಇದನ್ನು ಕಲಿಯುವುದು ಸುಲಭ. ಜಮೈಕಾ ಮೂಲದ ದಂಪತಿಯ ಮಗನಾಗಿ ಸ್ಮಿತ್ 1917ರಲ್ಲಿ ಕ್ಯೂಬಾದಲ್ಲಿ ಹುಟ್ಟಿದ. 1920ರಲ್ಲಿ ಕುಟುಂಬ ಬ್ರೂಕ್ಲಿನ್‌ಗೆ ಬಂತು. ಕೂಪರ್ ಯೂನಿಯನ್‌ನಲ್ಲಿ ವಿದ್ಯಾರ್ಥಿವೇತನ ಪಡೆದು ಕಲೆ ಕಲಿತು 1940ರಲ್ಲಿ ಹೊರಬಂದ. ಒಡವೆಯ ಕಸುಬು ಕೈಗೆ ಹತ್ತಿದ್ದು ಗ್ರೀನಿಚ್ ವಿಲೇಜ್‌ನಲ್ಲಿ ಅಂಗಡಿ ಇಟ್ಟಿದ್ದ ಕಪ್ಪು ಕಲಾವಿದೆ ವಿನಿಫ್ರೆಡ್ ಮೇಸನ್ ಬಳಿ. 1946ರಲ್ಲಿ ಕಾರ್ನೀಲಿಯಾ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ತೆರೆದ. ಜನಾಂಗದ್ವೇಷದ ಹಿಂಸೆ ಅಲ್ಲಿ ನಿಲ್ಲಗೊಡಲಿಲ್ಲ. ಆಮೇಲೆ ವೆಸ್ಟ್ ಫೋರ್ತ್ ಸ್ಟ್ರೀಟಿನಲ್ಲಿ ಮಾಡಿದ ಅಂಗಡಿ 1979ರವರೆಗೂ ನಡೆಯಿತು.

ಮೊದಲು ಗಮನಿಸಬೇಕಾದದ್ದು ಅಳತೆ. ಸ್ಮಿತ್‌ನ ‘ಲಾವಾ’ ಕಡಗ ಮಣಿಕಟ್ಟಿಗೆ ನಿಲ್ಲದೆ ಮುಂಗೈಯನ್ನೇ ಆವರಿಸುತ್ತದೆ. ಅಲೆಯಲೆಯಾದ ತಗಡುಗಳು ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದಂತಿವೆ. ಇಷ್ಟು ದೊಡ್ಡ ಆಕಾರ ಇವನಿಗೆ ಹೊಳೆದದ್ದರಲ್ಲಿ ನೃತ್ಯದ ಪಾಲು ದೊಡ್ಡದು. ಪರ್ಲ್ ಪ್ರೈಮಸ್, ಟ್ಯಾಲಿ ಬೀಟಿ ಮೊದಲಾದ ಕಪ್ಪು ನರ್ತಕರ ತಂಡಗಳಿಗೆ ಈತ ಒಡವೆ ಮಾಡಿಕೊಡುತ್ತಿದ್ದ. ರಂಗದ ಒಡವೆ ಕಡೆಯ ಸಾಲಿನವರಿಗೂ ಕಾಣಬೇಕು, ಕುಣಿಯುವವರಿಗೆ ಮಾತ್ರ ಭಾರವಾಗಬಾರದು. ಯಕ್ಷಗಾನದ ಭುಜಕೀರ್ತಿಯನ್ನು ಹಗುರ ಮರದಲ್ಲಿ ಕೆತ್ತುವವರು ಈ ಕಷ್ಟವನ್ನು ಬಲ್ಲರು. ಸ್ಮಿತ್ ಅಂಗಡಿಯ ಗಿರಾಕಿಗಾಗಿ ಮಾಡಿದಾಗಲೂ ಈ ಪಾಠ ಮರೆಯಲಿಲ್ಲ. ಭಾರಿಯಾಗಿ ಕಾಣುವ ಇವನ ಹಾರಗಳು ಧರಿಸಿದರೆ ಹಗುರ.

ಎರಡನೆಯದು ಮೈ. ಒಡವೆ ತನ್ನಷ್ಟಕ್ಕೆ ಪೂರ್ಣವಲ್ಲ, ಮೈಗೆ ಸೇರಿದ ಮೇಲೇ ಅದಕ್ಕೆ ಅರ್ಥ ಎಂಬುದು ಸ್ಮಿತ್‌ನ ನಂಬಿಕೆ. ಲೋಹದಷ್ಟೇ ಗಾಳಿ, ಖಾಲಿ ಜಾಗ, ಚರ್ಮ ಕೂಡ ಆತನಿಗೆ ಕಚ್ಚಾ ಸಾಮಗ್ರಿ. ಆದ್ದರಿಂದ ತಂತಿ ಎಲ್ಲಿ ಹೋಗಿದೆ ಎಂದು ನೋಡುವಷ್ಟೇ ಎಚ್ಚರದಿಂದ ಎಲ್ಲಿ ಹೋಗಿಲ್ಲ ಎಂದೂ ನೋಡಬೇಕು. ತಂತಿಯ ಸುತ್ತಿನ ನಡುವೆ ಬಿಟ್ಟ ತೆರವಿನಲ್ಲಿ ಕೊರಳ ಬಣ್ಣವೇ ಹರಳಿನ ಕೆಲಸ ಮಾಡುತ್ತದೆ. ಸುಮಾರು 1948ರ ‘ಮಾಡರ್ನ್ ಕಫ್’ ಎಂಬ ಕಡಗದಲ್ಲಿ ತಾಮ್ರದ ಕೆಂಪಿನ ಮೇಲೆ ಹಿತ್ತಾಳೆಯ ಹಳದಿ ಬಂದು ಕೂತಿದೆ. ಎರಡು ಅಗ್ಗದ ಲೋಹಗಳ ಬಣ್ಣಭೇದವೇ ಅದರ ಅಲಂಕಾರ.

ಮೂರನೆಯದು ಚಲನೆ. ಬೆಳ್ಳಿಯ ‘ಪಟಿನಾ’ ಹಾರದ ತೂಗುವ ಬಿಲ್ಲೆಗಳು ಕಾಲ್ಡರ್‌ನ ತೂಗುಶಿಲ್ಪಗಳನ್ನು ನೆನಪಿಗೆ ತರುತ್ತವೆ. ನಮ್ಮ ಜುಮಕಿಯೂ ತೂಗುತ್ತದೆ, ನಿಜ. ಆದರೆ ಅದು ಒಂದೇ ಕೊಂಡಿಯಿಂದ ನೇತಾಡುತ್ತದೆ; ಈ ಹಾರದಲ್ಲಿ ಒಂದು ಕಡೆಯ ಭಾರವನ್ನು ಇನ್ನೊಂದು ಕಡೆ ಹಿಡಿದು ನಿಲ್ಲಿಸುತ್ತದೆ. ಸಮಮಿತಿ ಇಲ್ಲ, ಸಮತೋಲವಿದೆ. ಎಡಬಲ ಒಂದೇ ಇರಬೇಕೆಂದು ಪಳಗಿದ ಕಣ್ಣಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಸಾಧ್ಯವಾದರೆ ಹಿಂಬದಿಯನ್ನೂ ನೋಡಬೇಕು. ಬೆಸುಗೆ ಎಲ್ಲಿ, ಕೊಂಡಿ ಹೇಗೆ, ಅಂಚು ಚರ್ಮಕ್ಕೆ ತಾಗದಂತೆ ಉಜ್ಜಿದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ. ಕಾಲ್ಡರ್ ಸಾಮಾನ್ಯವಾಗಿ ಬೆಸುಗೆಯ ಗೊಡವೆಗೇ ಹೋಗದೆ ತಂತಿಯನ್ನು ಸುತ್ತಿ, ಬಡಿದು, ರಿವೆಟ್ ಹಾಕಿ ಜೋಡಿಸುತ್ತಿದ್ದ. ಸುತ್ತಿಗೆಯ ಗುರುತನ್ನು ಅಳಿಸುತ್ತಲೂ ಇರಲಿಲ್ಲ. ನುಣುಪನ್ನೇ ಕುಶಲತೆಯೆಂದು ತಿಳಿದವರು ಎಡವುವುದು ಇಲ್ಲಿಯೇ.

ಸ್ಮಿತ್‌ಗೆ ಜಾಝ್ ಸಂಗೀತದ ಹುಚ್ಚು ಬಹಳ. ಡ್ಯೂಕ್ ಎಲಿಂಗ್ಟನ್‌ಗಾಗಿ ಮಾಡಿದ ಕಫ್‌ಲಿಂಕುಗಳಲ್ಲಿ ಆ ಸಂಗೀತಗಾರನದೇ ‘ಮೂಡ್ ಇಂಡಿಗೋ’ದ ಮೊದಲ ಸ್ವರಗಳನ್ನು ಅಳವಡಿಸಿದ. ಸ್ಮಿತ್ 1982ರಲ್ಲಿ ತೀರಿಕೊಂಡ. ಇವನ ಒಡವೆಗಳ ಒಂದು ಸಂಗ್ರಹ ಬ್ರೂಕ್ಲಿನ್ ಮ್ಯೂಸಿಯಂ ಸೇರಿ, 2008ರಲ್ಲಿ ಅಲ್ಲಿ ಪ್ರದರ್ಶನ ನಡೆಯಿತು. ಒಡವೆಗಳ ಜೊತೆ, ಅವನ್ನು ತೊಟ್ಟ ರೂಪದರ್ಶಿಯರ ಹಳೆಯ ಫೋಟೋಗಳನ್ನೂ ಇಟ್ಟಿದ್ದರು. ಗಾಜಿನ ಪೆಟ್ಟಿಗೆಯ ಕಡಗ ನೋಡಿದವರು ಆ ಫೋಟೋ ನೋಡಿ, ತಿರುಗಿ ಪೆಟ್ಟಿಗೆಯ ಬಳಿ ಬಂದರೆ ತೋಳಿಗಾಗಿ ಬಿಟ್ಟ ಜಾಗ ಕಣ್ಣಿಗೆ ಬೀಳುತ್ತದೆ.