ಮ್ಯಾಗಿಯ ಜೈಲುವಾಸ

ಈ ವಾರದ ಅಂಕಣದಲ್ಲಿ ‘ಸಿಟಿಜನ್ ಕೇನ್’ ಸಿನಿಮಾದ ಅಣಕದ ಬಗ್ಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯ 1993ರ ‘ರೋಸ್‌ಬಡ್’ ಕಂತಿನಲ್ಲಿ ಕೇನ್‌ನ ಹಿಮಬಂಡಿಯ ಜಾಗಕ್ಕೆ ಬರ್ನ್ಸ್ ಮುದುಕನ ಕರಡಿ ಬೊಂಬೆ ಬೋಬೋ ಬಂದದ್ದು ಸಿಂಪ್ಸನ್ಸ್ ಭಕ್ತರಿಗೆಲ್ಲ ಬಾಯಿಪಾಠ. ಹೊಸದಾಗಿ ಹೇಳಲು ಏನಾದರೂ ಸಿಕ್ಕೀತೇ ಎಂದು ತಡಕುತ್ತ, ಅದರ ಹಿಂದಿನ ವರ್ಷದ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಮಾರ್ಜ್’ ಹಾಕಿಕೊಂಡು ಕೂತೆ. ಕೇನ್ ಕಾಯಲಿ.

ಹೆಸರಿಗೆ ಅದು ಟೆನೆಸ್ಸಿ ವಿಲಿಯಮ್ಸ್ ನಾಟಕದ ಅಣಕ. ನನ್ನ ಕಣ್ಣೆಲ್ಲ ಸಿಂಪ್ಸನ್ ಮನೆಯ ಕೂಸು ಮ್ಯಾಗಿಯ ಮೇಲೆ. ತಾಯಿ ಮಾರ್ಜ್ ಆ ನಾಟಕದ ತಾಲೀಮಿಗೆ ಹೋಗುವಾಗ ಕೂಸನ್ನು ಬಿಡುವ ಶಿಶುವಿಹಾರಕ್ಕೆ ಅಯ್ನ್ ರ‍್ಯಾಂಡ್ ಹೆಸರು. ಯಾರ ಹಂಗೂ ಬೇಡವೆನ್ನುವ ತತ್ತ್ವದವರು ಮಕ್ಕಳ ಬಾಯಿಂದ ನಿಪ್ಪಲ್ ಕಿತ್ತುಕೊಳ್ಳದೆ ಇನ್ನೇನು ಮಾಡಿಯಾರು? ಅಲ್ಲಿಂದ 1963ರ ‘ದಿ ಗ್ರೇಟ್ ಎಸ್ಕೇಪ್’ ಸಿನಿಮಾದ ಅಣಕ ಶುರು.

ಮೂಲದ ಆ ದೃಶ್ಯ ನೆನಪಿದೆಯಲ್ಲ? ನಾಜಿ ಸೆರೆಶಿಬಿರದಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ ಸ್ಟೀವ್ ಮ್ಯಾಕ್‌ಕ್ವೀನ್‌ನನ್ನು ಒಂಟಿ ಕೋಣೆಗೆ ದಬ್ಬುತ್ತಾರೆ. ಅವನು ನೆಲದ ಮೇಲೆ ಕೂತು ಬೇಸ್‌ಬಾಲ್ ಚೆಂಡನ್ನು ಗೋಡೆಗೆ ಎಸೆಯುತ್ತಾನೆ, ಹಿಡಿಯುತ್ತಾನೆ, ಮತ್ತೆ ಎಸೆಯುತ್ತಾನೆ. ಬಾಗಿಲಾಚೆ ಕಾವಲಿನವನಿಗೆ ಕೇಳುವುದು ಧಪ್ ಧಪ್ ಸದ್ದು ಮಾತ್ರ. ಅವನು ಸೋತಿಲ್ಲ ಎಂಬುದಕ್ಕೆ ಬೇರೆ ಸಂಭಾಷಣೆ ಬೇಕಿಲ್ಲ. ಮ್ಯಾಗಿಯೂ ಕಟಕಟೆಯೊಳಗೆ ಕೂತು ಚೆಂಡೆಸೆಯುತ್ತಾಳೆ. ಹಿನ್ನೆಲೆಯಲ್ಲಿ ಮೂಲ ಸಿನಿಮಾದ, ಎಲ್ಮರ್ ಬರ್ನ್‌ಸ್ಟೈನ್‌ರ ಅದೇ ಮಾರ್ಚ್ ಸಂಗೀತ, ಅಷ್ಟೇ ಗಂಭೀರವಾಗಿ. ತಮಾಷೆ ಮಾಡುತ್ತಿದ್ದೇವೆ ಎಂದು ಯಾರೂ ಕಣ್ಣು ಮಿಟುಕಿಸುವುದಿಲ್ಲ. ಮೂಲ ಸಿನಿಮಾ ನೋಡದವರಿಗೂ ನಷ್ಟವಿಲ್ಲ. ನಿಪ್ಪಲ್‌ಗಾಗಿ ಹೋರಾಡುವ ಕೂಸಿನ ಕಥೆ ಅವರ ಪಾಲಿಗೆ ಇದ್ದೇ ಇದೆ.

‘ಫ್ಯಾಮಿಲಿ ಗೈ’ ಕಾರ್ಟೂನಿನ ಪಂಥದವರೊಡನೆ ನನ್ನ ಹಳೆಯ ಜಗಳ ಇದೇ. ಅಲ್ಲಿ ಕಥೆಯನ್ನು ನಿಲ್ಲಿಸಿ, ಹಳೆಯ ಚಿತ್ರದ ತುಣುಕೊಂದನ್ನು ತುರುಕಿ, ಏನೂ ಆಗಲಿಲ್ಲವೆಂಬಂತೆ ಮುಂದೆ ಹೋಗುತ್ತಾರೆ. ಗುರುತು ಹಿಡಿದವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕು, ಹಿಡಿಯದವನು ಪಿಳಿಪಿಳಿ ನೋಡಬೇಕು. ಅಭಿಮಾನಿಗಳು ಬೈದು ಪತ್ರ ಬರೆಯಲಿ, ಓದುತ್ತೇನೆ. ಅಭಿಪ್ರಾಯ ಬದಲಾಗದು.

ಕೊನೆಗೆ ಹೋಮರ್ ಮಗಳನ್ನು ಕರೆದೊಯ್ಯಲು ಬಂದರೆ ಕೋಣೆ ತುಂಬ ಕೂಸುಗಳು ಸುಮ್ಮನೆ ನಿಪ್ಪಲ್ ಚೀಪುತ್ತ ಅವನನ್ನೇ ನೋಡುತ್ತಿವೆ. ಅದು ಹಿಚ್‌ಕಾಕ್‌ರ ‘ದಿ ಬರ್ಡ್ಸ್’ ಸಿನಿಮಾದ ಅಣಕ, ಅದೂ 1963ರದ್ದೇ. ಚೀಪುವ ಸದ್ದೊಂದರಿಂದಲೇ ಮೈ ಜುಮ್ಮೆನ್ನುತ್ತದೆ. ಹೋಮರ್ ಕಾಲ್ತುದಿಯಲ್ಲಿ ಹೊರಬರುವ ಹೊತ್ತಿಗೆ ಸರಿಯಾಗಿ ಸಾಕ್ಷಾತ್ ಹಿಚ್‌ಕಾಕ್ ನಾಯಿಗಳನ್ನು ಹಿಡಿದು ಹಾದುಹೋಗುತ್ತಾರೆ, ಮೂಲ ಚಿತ್ರದಲ್ಲಿ ಸಾಕುಪ್ರಾಣಿ ಅಂಗಡಿಯಿಂದ ಹೊರಬಂದ ಹಾಗೆಯೇ. ಎಲ್ಲರೂ ಚಪ್ಪಾಳೆ ತಟ್ಟುವ ಜಾಗ ಅದು. ಕೂಸುಗಳೇ ಹೇಳಿ ಮುಗಿಸಿದ್ದಕ್ಕೆ ರುಜು ಹಾಕಲು ಅವರೇಕೆ ಬರಬೇಕಿತ್ತು? ಕತ್ತರಿ ನನ್ನ ಕೈಲಿದ್ದಿದ್ದರೆ ಹಿಚ್‌ಕಾಕ್‌ರನ್ನೇ ತೆಗೆಯುತ್ತಿದ್ದೆ.