ಸ್ಟ್ಯಾನ್‌ಫೋರ್ಡಿನಲ್ಲಿ ಸುಟ್ಟ ರಾಂಪುರ

1970ರ ಏಪ್ರಿಲ್ 24ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ಗುಡ್ಡದ ಮೇಲಿದ್ದ ಸಮಾಜವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ಕ್ಯಾಂಪಸ್ಸುಗಳು ಕುದಿಯುತ್ತಿದ್ದ ಕಾಲವದು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆ ವರ್ಷ ಅಲ್ಲಿ ಫೆಲೋ ಆಗಿದ್ದರು. ಬೆಂಕಿ ಅವರ ಕೋಣೆಯನ್ನೂ ತಿಂದಿತು. ರಾಂಪುರ ಎಂದು ಹೆಸರು ಮರೆಸಿ ಅವರು ಬರೆಯುತ್ತ ಬಂದಿದ್ದ ಮೈಸೂರು ಸೀಮೆಯ ಹಳ್ಳಿಯ ಬಗ್ಗೆ ಹದಿನೆಂಟು ವರ್ಷಗಳಿಂದ ವಿಂಗಡಿಸಿ ಒಪ್ಪಮಾಡಿದ್ದ ಟಿಪ್ಪಣಿಗಳೆಲ್ಲ ಆ ಕೋಣೆಯಲ್ಲಿದ್ದವು. ಮೂರು ಪ್ರತಿಗಳಿದ್ದವು, ಮೂರೂ ಅಲ್ಲೇ ಇದ್ದವು. (ಒಂದು ಕಳೆದರೆ ಇನ್ನೊಂದಿರಲಿ ಎಂದೇ ಅಲ್ಲವೇ ಮೂರು ಪ್ರತಿ ಮಾಡುವುದು? ದೊಡ್ಡ ವಿದ್ವಾಂಸರೂ ಈ ವಿಷಯದಲ್ಲಿ ನಮ್ಮ ಹಾಗೆಯೇ.)

ಮುಂದಿನ ಕಥೆ ಸಮಾಜಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಟಿಪ್ಪಣಿ ಹೋದರೇನು, ನೆನಪಿನಿಂದಲೇ ಬರೆಯಿರಿ ಎಂದು ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಹುರಿದುಂಬಿಸಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಕೋಷ್ಟಕಗಳಿಲ್ಲದ, ಮನುಷ್ಯರೇ ಓಡಾಡುವ ಪುಸ್ತಕ. ಬೆಂಕಿಯಿಂದ ಒಳ್ಳೆಯದೇ ಆಯಿತು ಎನ್ನುವ ಧಾಟಿಯಲ್ಲಿ ಈ ಪ್ರಸಂಗವನ್ನು ಹೇಳುವುದು ರೂಢಿ. ನನಗೆ ಮಾತ್ರ ಇದು ಸಂದರ್ಶಕ ಫೆಲೋಶಿಪ್ ಎಂಬ ವ್ಯವಸ್ಥೆಯ ಶಕ್ತಿಯನ್ನೂ ಅದರ ಹುಳುಕನ್ನೂ ಒಟ್ಟಿಗೆ ತೋರಿಸುತ್ತದೆ.

ಶಕ್ತಿಯನ್ನು ಮೊದಲು ಒಪ್ಪಬೇಕು. ಫೋರ್ಡ್ ಫೌಂಡೇಶನ್ನಿನ ಹಣದಿಂದ 1954ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ, ಸಮಿತಿಗಳಿಲ್ಲ. ಒಂದು ಕೋಣೆ, ಒಂದು ವರ್ಷದ ಬಿಡುವು, ಮಧ್ಯಾಹ್ನ ಎಲ್ಲರೂ ಕೂತು ಊಟ. ಆ ಊಟವನ್ನು ಹಗುರವಾಗಿ ಕಾಣಬಾರದು. ಭೌತಶಾಸ್ತ್ರ ಓದಿಬಂದ ಥಾಮಸ್ ಕೂನ್ 1958-59ರಲ್ಲಿ ಅಲ್ಲಿದ್ದಾಗ, ಸುತ್ತಲಿನ ಸಮಾಜವಿಜ್ಞಾನಿಗಳು ತಮ್ಮ ವಿಷಯದ ಬುಡದ ಬಗ್ಗೆಯೇ ಜಗಳವಾಡುವುದನ್ನು ಕಂಡು ಬೆರಗಾದರು. ನಮ್ಮ ಭೌತವಿಜ್ಞಾನದಲ್ಲಿ ಹೀಗೇಕಿಲ್ಲ ಎಂದು ಯೋಚಿಸಿದಾಗ ‘ಪ್ಯಾರಡೈಮ್’ (ಒಂದು ವಿಜ್ಞಾನದವರೆಲ್ಲ ಒಪ್ಪಿ ನಡೆಯುವ ಮಾದರಿ) ಎಂಬ ಪರಿಕಲ್ಪನೆ ಅವರ ಕೈಗೆ ಸಿಕ್ಕಿತು. ಯಾವ ಅರ್ಜಿಯಲ್ಲೂ ಇದನ್ನು ಮೊದಲೇ ಬರೆದುಕೊಡಲಾಗದು. ಶ್ರೀನಿವಾಸರಿದ್ದ ವರ್ಷವೇ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ ತಮ್ಮ ನ್ಯಾಯಸಿದ್ಧಾಂತದ ಪುಸ್ತಕ ಮುಗಿಸಲು ಅಲ್ಲಿಗೆ ಬಂದಿದ್ದರು. ಅದೇ ಬೆಂಕಿಯಲ್ಲಿ ಅವರ ಹಸ್ತಪ್ರತಿ ನೀರಿಗೆ ನೆನೆದು ಹೇಗೋ ಉಳಿಯಿತು.

ಇಂದಿನ ಫೆಲೋಶಿಪ್ ಅರ್ಜಿಗಳನ್ನು ನೋಡಿ. ಯಾವ ತಿಂಗಳು ಯಾವ ಅಧ್ಯಾಯ, ಎಷ್ಟು ಲೇಖನ, ಯಾವ ಜರ್ನಲ್ಲು, ‘ಇಂಪ್ಯಾಕ್ಟ್’ ಏನು ಎಂಬ ಪ್ರಶ್ನೆಗಳೇ ಪುಟ ತುಂಬುತ್ತವೆ. ಈ ಲೆಕ್ಕದಲ್ಲಿ ಶ್ರೀನಿವಾಸ್ ಫೇಲು. ಹಿಡಿದುಕೊಂಡು ಹೋಗಿದ್ದ ಕೆಲಸ ಹಾಗೆ ಮುಗಿಯಲಿಲ್ಲ, ಬಂದದ್ದು ಬೇರೆಯೇ ಜಾತಿಯ ಪುಸ್ತಕ, ಅದೂ ಆರು ವರ್ಷ ತಡವಾಗಿ. ಇವತ್ತಿನ ವರದಿಯ ನಮೂನೆಯಲ್ಲಿ ಅದನ್ನು ತುಂಬಿಸಲು ಕಾಲಮ್ಮೇ ಇಲ್ಲ. ಕೊಟ್ಟ ಬಿಡುವಿಗೆ ಮೊದಲೇ ರಸೀದಿ ಕೇಳಿದರೆ ವಿದ್ವಾಂಸರು ಆಗಲೇ ಮುಗಿಸಿರುವ ಕೆಲಸವನ್ನೇ ಹೊಸದೆಂದು ಬರೆದುಕೊಡುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಹುಳುಕು ಇನ್ನೊಂದು ಕಡೆಗಿದೆ. ರಾಂಪುರದ ಪುಸ್ತಕಕ್ಕೆ ಕ್ಯಾಲಿಫೋರ್ನಿಯಾ ಯಾಕೆ ಬೇಕಾಯಿತು? ಆ ಹಳ್ಳಿಯಲ್ಲಿ ಶ್ರೀನಿವಾಸ್ ಕೂತದ್ದು 1948ರಲ್ಲಿ. ಆಗ ಅವರಿಗೆ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಕ ಹುದ್ದೆ ಸಿಕ್ಕಿತ್ತು, ಮೊದಲ ವರ್ಷವನ್ನು ಊರಿನಲ್ಲೇ ಕ್ಷೇತ್ರಕಾರ್ಯಕ್ಕೆ ಕಳೆಯಲು ಅಲ್ಲಿನ ಮಾನವಶಾಸ್ತ್ರ ಪ್ರಾಧ್ಯಾಪಕ ಇವಾನ್ಸ್-ಪ್ರಿಚರ್ಡ್ ಬಿಟ್ಟುಕೊಟ್ಟಿದ್ದರು. ಅಂದರೆ ಮೈಸೂರಿನ ಹಳ್ಳಿಯಲ್ಲಿ ಕೂರುವ ಬಿಡುವೂ ಹೊರಗಿನದೇ. 1953-54ರಲ್ಲಿ ಮ್ಯಾಂಚೆಸ್ಟರಿನ ಸೈಮನ್ ಫೆಲೋಶಿಪ್ ಬಂತು. ಐವತ್ತರ ದಶಕದಲ್ಲಿ ಬರೋಡದಲ್ಲಿ, 1959ರಿಂದ ದೆಹಲಿಯಲ್ಲಿ ವಿಭಾಗ ಕಟ್ಟಿದರು. ವಿಭಾಗ ಕಟ್ಟುವುದೆಂದರೆ ನೇಮಕಾತಿ, ಪಠ್ಯಕ್ರಮ, ಕಡತ. ಟಿಪ್ಪಣಿಗಳು ಕಪಾಟಿನಲ್ಲಿ ಕಾದವು. ಕೊನೆಗೆ ಅವಕ್ಕೆ ಬೆಳಕು ಕಾಣಿಸಲು ಹೊತ್ತುಕೊಂಡು ಸಾಗರ ದಾಟಬೇಕಾಯಿತು. ಅಮೆರಿಕದ ಔದಾರ್ಯವನ್ನು ಹೊಗಳುವಾಗ ನಮ್ಮ ವಿಶ್ವವಿದ್ಯಾಲಯಗಳ ಈ ಬಡತನವನ್ನೂ ಹೇಳಬೇಕು. ಹಣದ ಬಡತನವಲ್ಲ, ಒಬ್ಬ ಪ್ರಾಧ್ಯಾಪಕನನ್ನು ಸುಮ್ಮನೆ ಕೂರಲು ಬಿಡಲಾಗದ ಬಡತನ.

ಹೊರಗಿನವರನ್ನು ಇಲ್ಲಿಗೆ ಕರೆಸುವುದರಲ್ಲಾದರೂ ನಾವು ಮೇಲೇ? ಹಿಟ್ಲರನ ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆತಂದರು. ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲೊಬ್ಬರು ಆರು ತಿಂಗಳು ಈ ಊರಿನಲ್ಲಿ ಪಾಠ ಹೇಳಿದರು. ಅವರನ್ನು ಕಾಯಂ ಮಾಡೋಣ ಎಂದು ರಾಮನ್ ಹೊರಟಾಗ, ಬಾರ್ನ್ ಎದುರಿಗೇ ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವಂತ ದೇಶವೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರಂತೆ. ಬಾರ್ನ್ ಸ್ವತಃ ಇದನ್ನು ಬರೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋ ಸೇರಿದರು, 1954ರಲ್ಲಿ ನೊಬೆಲ್ ಬಂತು. ಇನ್‌ಸ್ಟಿಟ್ಯೂಟಿನೊಳಗಿನ ರಾಮನ್ ವಿರೋಧವೂ ಆ ಮಾತಿನ ಹಿಂದಿತ್ತು ಅನ್ನಿ. ಅತಿಥಿ ಒಳಜಗಳದ ನಡುವೆ ಸಿಕ್ಕಿಕೊಳ್ಳುವುದು ಇಂದಿಗೂ ನಿಂತಿಲ್ಲ.

ನಮ್ಮ ಅಧ್ಯಾಪಕರಿಗೆ ಬಿಡುವು ಕೊಡಲು ನಿಯಮಗಳೇನೋ ಇವೆ. ಯುಜಿಸಿ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಅಥವಾ ಪ್ರೊಫೆಸರ್ ಆಗಿ ಏಳು ವರ್ಷ ಮುಗಿಸಿದ ಕಾಯಂ ಅಧ್ಯಾಪಕರಿಗೆ ಸಬಾಟಿಕಲ್ ರಜೆ ಕೊಡಬಹುದು. ಒಂದು ಸಲಕ್ಕೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು. ಕಾಗದದ ಮೇಲೆ ಸ್ಟ್ಯಾನ್‌ಫೋರ್ಡಿಗೇನೂ ಕಡಿಮೆಯಲ್ಲ. ಆದರೆ ಹುದ್ದೆಗಳೇ ಖಾಲಿ ಬಿದ್ದಿರುವ ವಿಭಾಗದಲ್ಲಿ ಒಬ್ಬರು ವರ್ಷ ರಜೆ ಹೋದರೆ ಅವರ ಪತ್ರಿಕೆಗಳನ್ನು ಪಾಠ ಮಾಡುವವರು ಯಾರು, ಮೌಲ್ಯಮಾಪನಕ್ಕೆ ಹೋಗುವವರು ಯಾರು, ನ್ಯಾಕ್ ಮಾನ್ಯತೆಯ ಕಡತ ನೋಡುವವರು ಯಾರು? ಅದೆಲ್ಲ ಅತಿಥಿ ಉಪನ್ಯಾಸಕರ ತಲೆಯ ಮೇಲೆ ಬರುತ್ತದೆ. ವರ್ಷ ವರ್ಷ ಮರುನೇಮಕಕ್ಕೆ ಕಾಯುವ ಅವರಿಗೆ ಈ ಏಳು ವರ್ಷದ ಲೆಕ್ಕ ಶುರುವಾಗುವುದೇ ಇಲ್ಲ. ಅವರಲ್ಲೂ ಎಷ್ಟೋ ಜನರ ಕಪಾಟಿನಲ್ಲಿ ಕ್ಷೇತ್ರಕಾರ್ಯದ ಟಿಪ್ಪಣಿಗಳಿವೆ. ವಿದೇಶಿ ಫೆಲೋಶಿಪ್ಪುಗಳ ಅರ್ಜಿಯಲ್ಲಿ ‘ಈಗಿನ ಕಾಯಂ ಹುದ್ದೆ’ ಎಂಬ ಜಾಗಕ್ಕೆ ಬಂದಾಗ ಅವರ ಪೆನ್ನು ಅಲ್ಲೇ ನಿಲ್ಲುತ್ತದೆ.